ಆಪರೇಷನ್ನಿನ ಮುಂಚಿನ ಒಡಪು

ಕುತ್ತಿಗೆಯ ಬಗ್ಗೆ ಮಾತಾಡಲು ಸರ್ಜನ್ ಆಗಿ ನಾನು ಭಾಳ ತಯಾರಾಗಿದ್ದೆ. ಗಜೇಂದ್ರಗಡದ ಒಬ್ಬ ನೇಕಾರರ ಗಂಟಲ ಕ್ಯಾನ್ಸರ್ ವಿಕಿರಣ ಕೊಟ್ಟ ಮೇಲೂ ತಿರುಗಿ ಬಂದಿತ್ತು. ಧ್ವನಿಪೆಟ್ಟಿಗೆ ತೆಗೆಯುವುದು ಖಚಿತ. ಕುತ್ತಿಗೆಯ ಗ್ರಂಥಿಗಳದೇ ಪ್ರಶ್ನೆ. ಸ್ಕ್ಯಾನಿನಲ್ಲಿ ರೋಗ ಕಾಣದಿದ್ದರೂ ಅಲ್ಲಿ ಅಡಗಿರಬಹುದು. ತೆಗೆದರೆ ಗಾಯ ಮಾಯುವುದು ತಡ, ನರಕ್ಕೆ ಪೆಟ್ಟಾಗಿ ಹೆಗಲೂ ಸೋಲಬಹುದು.

"ತಗಿಯೂದೋ, ಬಿಡೂದೋ? ನೀವೂ ಹೇಳ್ರಿ," ಅಂದೆ.

ಅವರು ಹೆಂಡತಿಯ ಮುಖ ನೋಡಿದರು.

"ಕುತ್ತಿಗಿ ನೀವು ನೋಡ್ಕೊಳ್ರಿ ಸಾಹೇಬ್ರ," ಅಂದರು ಆಕೆ. "ದನಿ ಹೋಗೂದು ಖರೇ ಏನ್ರಿ?"

"ಹೌದ್ರಿ."

"ಹಂಗಾರ ಈಗ ಒಂದು ಒಡಪ ಹೇಳ್ಲಿ. ಮದಿವ್ಯಾಗ ಒಮ್ಮೆ ನನ್ನ ಹೆಸರು ಹಚ್ಚಿ ಹೇಳಿದ್ರು. ಅವತ್ತಿನಿಂದ ಬರೇ 'ಏ, ಇಲ್ಲಿ ಬಾ' ಅನ್ನೂದ ಆತು."

ನಮ್ಮ ಕಡೆ ಹಳೆಯ ಗಂಡಂದಿರು ಹೆಂಡತಿಯ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳಿದರೆ ಉಂಟು, ಬಿಡಿಯಾಗಿ ಹೇಳುವುದಿಲ್ಲ; ಆ ಪ್ರಾಸವೇ ಒಡಪು. ಅವರು ನಾಚಿ ಬಾಗಿಲ ಕಡೆ ನೋಡಿ, ಗೊಗ್ಗರು ದನಿಯಲ್ಲಿ ಶುರು ಮಾಡಿದರು: "ಕರೀ ಸೀರಿಗಿ ಕೆಂಪು ದಡಿ ಚಂದ..."

ಮುಂದಿನ ಸಾಲು ಮರೆತಿತ್ತು. ತಡವರಿಸಿದರು, ಕೆಮ್ಮಿದರು. ಕಡೆಗೆ ಪ್ರಾಸವನ್ನೇ ಬಿಟ್ಟು, "ನೀಲವ್ವ" ಅಂದರು.

ಆಕೆ ಸೆರಗನ್ನು ಬಾಯಿಗೆ ಹಿಡಿದರು. "ಇನ್ನೊಮ್ಮೆ ಅನ್ರಿ."

ನಾನು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಸುಮ್ಮನೆ ನೋಡುತ್ತಾ ನಿಂತೆ.

ಗ್ರಂಥಿಗಳನ್ನು ಎರಡೂ ಕಡೆ ತೆಗೆದೆ. ಪುಣ್ಯಕ್ಕೆ ಹೆಗಲು ಉಳಿಯಿತು. ಈಗ ತಪಾಸಣೆಗೆ ಬಂದಾಗ ನೀರು ಬೇಕಾದರೆ ಅವರು ಚಪ್ಪಾಳೆ ತಟ್ಟುತ್ತಾರೆ. ಆಕೆ ಲೋಟ ಹಿಡಿದು ಎದುರಿಗೆ ಬಂದು ನಿಲ್ಲುತ್ತಾರೆ. ಗಂಡನ ತುಟಿ ಸದ್ದಿಲ್ಲದೆ ಆ ಹೆಸರು ಹೇಳಬೇಕು. ಆಮೇಲೇ ನೀರು.