ಮಾಯಸಂದ್ರದ ಗಂಗಲಕ್ಷ್ಮಿ ಹೊಲಿದ ‘ಹೊಂಟೆ’

ಗಂಗಲಕ್ಷ್ಮಿ ಹನ್ನೊಂದು ವರ್ಷ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಎಡತೋಳು ಹೊಲಿದಳು. ಬರೀ ಎಡತೋಳು. ಬಲತೋಳಿಗೆ ಪಕ್ಕದ ಮೆಷಿನ್ನಿನವಳು, ಕಾಲರಿಗೆ ಇನ್ನೊಬ್ಬಳು, ಗುಂಡಿಗೆ ಮತ್ತೊಬ್ಬಳು. ಇಡೀ ಅಂಗಿಯನ್ನು ಅವಳು ನೋಡಿದ್ದು ಒಂದೇ ಸಲ, ಮೆಜೆಸ್ಟಿಕ್ ಹತ್ತಿರದ ಫುಟ್‌ಪಾತಿನ ರಾಶಿಯಲ್ಲಿ. ಅದೇ ಬಟ್ಟೆ, ಅದೇ ನೂಲು. ಎತ್ತಿಕೊಂಡು ಎಡತೋಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದವಳನ್ನು ಮಾರುವವನು, "ತಗೊಳ್ಳಲ್ಲ ಅಂದ್ರೆ ಇಡಮ್ಮ," ಎಂದು ಗದರಿದ್ದ.

ಗಂಡ ಶಿವಣ್ಣ ಊರಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಾಗ ಅವಳೂ ಮಾಯಸಂದ್ರಕ್ಕೆ ಬಂದಳು. ಪಡಸಾಲೆಯ ಕಿಟಕಿಯ ಬಳಿ ಮೆಷಿನ್ ಹಾಕಿಕೊಂಡು ಬ್ಲೌಸು, ಸೀರೆಗೆ ಫಾಲ್ಸು, ಎಲ್ಲಕ್ಕಿಂತ ಹೆಚ್ಚಾಗಿ ನೈಟಿ ಹೊಲಿಯತೊಡಗಿದಳು. ನಮ್ಮ ಕಡೆ ಮನೆಯೊಳಗೆ ನೈಟಿ, ಹೊರಗೆ ಸೀರೆ ಇಲ್ಲವೇ ಚೂಡಿದಾರ. ಒಳಗೂ ಅಲ್ಲದ, ಹೊರಗೂ ಅಲ್ಲದ ಹೊತ್ತಿಗೆ ಹೆಗಲ ಮೇಲೊಂದು ಟವೆಲ್. ಡೇರಿಗೆ ಹಾಲು ಹಾಕಲು ಹೋದರೆ ಟವೆಲ್, ಕಾಯಿ ಕೀಳುವವರು ಬಂದರೆ ಟವೆಲ್, ಬಾಗಿಲಲ್ಲಿ ಯಾರೋ ಕೆಮ್ಮಿದರೂ ಟವೆಲ್. ಗಂಗಲಕ್ಷ್ಮಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ, ಎರಡು ವರ್ಷದ ಹಿಂದಿನ ಆಷಾಢದ ಆ ಬೆಳಿಗ್ಗೆಯವರೆಗೆ.

ಅವತ್ತು ಅವಳ ಅತ್ತೆ ಹೊಂಬಾಳಮ್ಮ ನೀರಿನ ತೊಟ್ಟಿಯ ಬಳಿ ಪಾಚಿಯ ಮೇಲೆ ಕಾಲಿಟ್ಟು ಜಾರಿದರು. ಬಲಗೈ ಮಣಿಕಟ್ಟು ನೋಡುನೋಡುತ್ತಿದ್ದಂತೆ ಊದಿಕೊಂಡಿತು. ಶಿವಣ್ಣ ಯಾರದೋ ತೋಟದಲ್ಲಿ ಮೋಟಾರ್ ಎತ್ತಿಸುತ್ತಿದ್ದ. ಗಂಗಲಕ್ಷ್ಮಿ ಸಿಕ್ಕಿದ ಆಟೋ ನಿಲ್ಲಿಸಿ, ಅತ್ತೆಯನ್ನು ಹತ್ತಿಸಿಕೊಂಡು ತಿಪಟೂರಿಗೆ ಹೊರಟಳು. ಅರ್ಧ ದಾರಿ ಕಳೆದ ಮೇಲೆ ತಾನು ತೊಟ್ಟಿರುವುದು ಏನೆಂದು ನೆನಪಾಯಿತು. ಹಳದಿ ಹೂವಿನ ನೈಟಿ. ಹೆಗಲ ಮೇಲೆ ಟವೆಲ್ ಕೂಡ ಇಲ್ಲ.

ಎಕ್ಸ್‌ರೇ, ಡಾಕ್ಟರು, ಪ್ಲಾಸ್ಟರು ಅಂತ ಮಧ್ಯಾಹ್ನ ಮೂರು ಗಂಟೆಯಾಯಿತು. ಅಷ್ಟೂ ಹೊತ್ತು ಅವಳು ಗೋಡೆಗೆ ಬೆನ್ನು ಅಂಟಿಸಿಕೊಂಡೇ ನಿಂತಿದ್ದಳು. ನಾದಿನಿಯ ಬೀಗರೊಬ್ಬರು ಎದುರು ಬಂದಾಗ ಕಂಬದ ಹಿಂದೆ ಸರಿದಳು.

"ಕೈ ಮುರ್ದಿರೋದು ನಂಗೆ. ನೀನ್ಯಾಕ್ ಹಿಂಗ್ ಮುದುರ್ಕೊಂಡ್ ನಿಂತಿದ್ದೀಯ?" ಅಂದರು ಹೊಂಬಾಳಮ್ಮ.

"ನೈಟೀಲೇ ಬಂದ್‌ಬುಟ್ಟಿದ್ದೀನಲ್ಲ ಅತ್ತೆ."

"ನೀನೇ ಅಲ್ವಾ ಹೊಲ್ದಿದ್ದು? ಆಸ್ಪತ್ರೆಗೂ ಆಗಂಗೆ ಹೊಲಿಬೇಕಾಗಿತ್ತು ಕಣೇ."

ಗಂಗಲಕ್ಷ್ಮಿಗೆ ನಗು ಬಂತು. ನಗು ನಿಂತಿತು, ಅತ್ತೆಯ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ವಾಪಸು ಬರುವಾಗ ಆಟೋ ತುರುವೇಕೆರೆ ತಲುಪುವಷ್ಟರಲ್ಲಿ ಎಕ್ಸ್‌ರೇ ಕವರಿನ ಹಿಂಬದಿಯಲ್ಲಿ ಹೊಸ ಉಡುಪೊಂದರ ಚಿತ್ರ ಮೂಡಿತ್ತು. ಡ್ರೈವರನ ಪೆನ್ನು ಅವಳ ಕೈಯಲ್ಲೇ ಉಳಿದುಹೋಯಿತು.

ಮರುದಿನವೇ ಇನ್ನೊಂದು ತೊಂದರೆ ಎದುರಾಯಿತು. ಒಂದೇ ಕೈಯಲ್ಲಿ ಸೀರೆಯ ನೆರಿಗೆ ಹಿಡಿಯುವುದು ಹೇಗೆ? ಹೊಂಬಾಳಮ್ಮ ಅರವತ್ತೆಂಟು ವರ್ಷದಲ್ಲಿ ಸೀರೆ ಬಿಟ್ಟು ಬೇರೇನೂ ಉಟ್ಟವರಲ್ಲ. "ನೈಟಿ ಹಾಕ್ಕಂಡು ಸಾಯಕ್ಕಿಂತ ಹಿಂಗೇ ಹಾಸಿಗೇಲ್ ಬಿದ್ದಿರ್ತೀನಿ ಬುಡು," ಎಂದು ಹಟ ಹಿಡಿದರು. ಗಂಗಲಕ್ಷ್ಮಿ ಅತ್ತೆಯದೇ ಒಂದು ಹಳೆಯ ಕಪ್ಪು ಹತ್ತಿ ಸೀರೆಯನ್ನು ನೆಲಕ್ಕೆ ಹಾಸಿ ಕತ್ತರಿ ಹಿಡಿದಳು. ಮೈತುಂಬ ಸಡಿಲ, ಮುಂದೆ ಪೂರ್ತಿ ತೆರೆಯುವ ನಿಲುವಂಗಿ. ಒಳಗೆ ಸೊಂಟದ ಹತ್ತಿರ ಲಾಡಿ. ಎಳೆದರೆ ಮೈಗೊಂದು ಆಕಾರ, ಬಿಟ್ಟರೆ ಹಾಯಾಗಿ ಗಾಳಿ. ಹಾಲು ಕರೆಯುವಾಗ ಅಂಚು ಎತ್ತಿ ಸಿಕ್ಕಿಸಲು ಎರಡು ಪಕ್ಕಕ್ಕೂ ಕುಣಿಕೆ. ಗುಂಡಿ ಬಿಚ್ಚಿದರೆ ಚೂಡಿದಾರದ ಮೇಲೂ ಸೀರೆಯ ಮೇಲೂ ಕೋಟು. ಮತ್ತೆ ಎರಡು ಜೇಬು, ಮಣಿಕಟ್ಟಿನವರೆಗೆ ಕೈ ಇಳಿಯುವಷ್ಟು ಆಳ.

ಗುಂಡಿ ಎಡಗೈಯಲ್ಲೇ ಹಾಕಲು ಬರುವಷ್ಟು ದೊಡ್ಡದಿರಬೇಕಿತ್ತು. ಅಂಗಡಿಯಲ್ಲಿ ಅಂಥದ್ದಿರಲಿಲ್ಲ. ಶಿವಣ್ಣ ತೆಂಗಿನ ಚಿಪ್ಪು ಕತ್ತರಿಸಿ, ಮೋಟಾರ್ ರಿಪೇರಿಯ ಡ್ರಿಲ್ಲಿನಲ್ಲೇ ತೂತು ಕೊರೆದು, ಮರಳು ಕಾಗದ ಉಜ್ಜಿ ಐದು ಗುಂಡಿ ತಂದು ಹೆಂಡತಿಯ ಮುಂದಿಟ್ಟ. "ನೋಡು, ಆಯ್ತದಾ?" ಎಂದು ಕೇಳಿದವನ ಮುಖದಲ್ಲಿ ಕೆಟ್ಟ ಮೋಟಾರ್ ನೀರು ಎತ್ತಿದಾಗಿನ ಕಳೆಯಿತ್ತು.

ಹೊಂಬಾಳಮ್ಮ ಅದನ್ನು ತೊಟ್ಟು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಓಡಾಡಿದರು. ಎಡಗೈ ಜೇಬಿನೊಳಗೆ ಹೋಯಿತು. ಅಲ್ಲೇ ನಿಂತಿತು.

"ಅರವತ್ತೆಂಟು ವರ್ಷಕ್ಕೆ ನಂಗೂ ಒಂದು ಜೇಬು ಬಂತಲ್ಲೇ ಗಂಗೂ!"

ಎಲೆ ಅಡಿಕೆ ಒಂದು ಜೇಬಿಗೆ, ಡೇರಿ ಪಾಸ್‌ಬುಕ್ ಇನ್ನೊಂದಕ್ಕೆ. "ಡೇರಿಗೆ ನಾನೇ ಹೋಗ್ ಬತ್ತೀನಿ" ಎಂದು ಸೊಸೆ ತಡೆಯುವ ಮೊದಲೇ ಬೀದಿಗಿಳಿದರು. ಹಾಲಿನ ಕ್ಯಾನು ಹಿಡಿದುಕೊಂಡು ಗಂಗಲಕ್ಷ್ಮಿ ಹಿಂದೆ ಓಡಿದಳು. ಡೇರಿ ಮುಂದೆ ಸಾಲಿನಲ್ಲಿ ಇಪ್ಪತ್ತು ಹೆಂಗಸರು, ಇಪ್ಪತ್ತು ಟವೆಲ್. ಎಲ್ಲರ ಕಣ್ಣೂ ಹೊಂಬಾಳಮ್ಮನ ಮೇಲೆ.

"ಏನ್ ಹೊಂಬಾಳಕ್ಕ, ಎಲ್ಲಿಗ್ ಹೊಂಟೆ ಇಂಗೆ?"

"ಎಲ್ಲಿಗ್ ಬೇಕಾದ್ರೂ ಹೊಂಟೆ ಕಣೇ!" ಎಂದರು ಮುದುಕಿ, ಎರಡೂ ಪಕ್ಕ ತಿರುಗಿ ತೋರಿಸುತ್ತ.

ಆ ದಿನ ಸಂಜೆಯೊಳಗೆ ಏಳು ಜನ ಅಳತೆ ಕೊಟ್ಟು ಹೋದರು. ಅವರಲ್ಲಿ ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವ ಭಾನುಪ್ರಿಯಾ ಒಬ್ಬಳು. ಹಿಂದೆ ಅವಳೂ ಗಾರ್ಮೆಂಟ್ಸ್‌ನಲ್ಲಿ ಇದ್ದವಳೇ, ಕಾಲರ್ ಲೈನಿನಲ್ಲಿ. "ಅಕ್ಕ, ನಂಗೂ ಹೊಲಿಯಕ್ಕೆ ಕೊಡಿ. ಪೂರ್ತಿ ಒಂದು ಬಟ್ಟೆ ನಾನೇ ಹೊಲಿಬೇಕು ಅಂತ ಆಸೆ," ಅಂದಳು. ಗಂಗಲಕ್ಷ್ಮಿ ಅವಳ ಕೈಗೆ ಕತ್ತರಿ ಕೊಟ್ಟಳು. ಅದೇ ಅವರ ಮೊದಲ ಕಟ್ಟಳೆಯಾಯಿತು: ಒಂದು ಬಟ್ಟೆ ಮೊದಲಿಂದ ಕೊನೆಯವರೆಗೆ ಒಬ್ಬಳದೇ, ಕತ್ತಿನ ಪಟ್ಟಿಯಲ್ಲಿ ಹೊಲಿದವಳ ಹೆಸರು. ಹೊಲಿದವಳಿಗೆ ಸಲ್ಲಬೇಕಾದ ಕೂಲಿ ಮೊದಲು ತೆಗೆದಿಟ್ಟು, ಆಮೇಲೆ ಬೆಲೆ ಕಟ್ಟುವುದು.

ಬಟ್ಟೆಗೆ ಏನು ಮಾಡುವುದು? ಹಳೆ ಸೀರೆ ಎಷ್ಟು ದಿನ ನಡೆದೀತು? ಚಿಕ್ಕನಾಯಕನಹಳ್ಳಿ ಕಡೆ ಶಂಭುಲಿಂಗಯ್ಯ ಎಂಬ ಹಿರಿಯರು ಇನ್ನೂ ಎರಡು ಮಗ್ಗ ನಡೆಸುತ್ತಾರೆಂದು ಶಿವಣ್ಣ ಎಲ್ಲೋ ಕೇಳಿ ಬಂದ. ಗಂಗಲಕ್ಷ್ಮಿ, ಭಾನುಪ್ರಿಯಾ ಇಬ್ಬರೂ ಬೆಳಿಗ್ಗೆಯ ಬಸ್ಸಿಗೆ ಹೋದರು. ಶಂಭುಲಿಂಗಯ್ಯ ನೇಯುತ್ತಿದ್ದುದು ಬಿಳಿ ಟವೆಲ್ಲು, ಬಿಳಿ ಪಂಚೆ. ನಿಲುವಂಗಿಗೆ ಆಗುವಷ್ಟು ಅಗಲದ ಬಟ್ಟೆ ನೇಯಲು ಒಪ್ಪಿದರು, ಬಣ್ಣ ಹಾಕಲು ಮಾತ್ರ ಒಲ್ಲೆನೆಂದು ಕೈ ಅಲ್ಲಾಡಿಸಿದರು.

"ಬಣ್ಣದ ಕೆಲ್ಸ ಬುಟ್ಟು ಹದ್ನೈದ್ ವರ್ಷ ಆಯ್ತು ತಾಯಿ. ಆ ಕೆಮಿಕಲ್ ಘಾಟಿಗೆ ಕೈಯೆಲ್ಲ ಹುಣ್ಣು. ಮಿಕ್ಕಿದ್ ನೀರು ಚೆಲ್ಲಿದ್ರೆ ಹುಲ್ಲೂ ಹುಟ್ತಿರ್ಲಿಲ್ಲ."

ಬಿಳಿ ಬಟ್ಟೆಯ ಗಂಟು ಹೊತ್ತು ಸಪ್ಪಗೆ ಬಂದ ಸೊಸೆಯನ್ನು ನೋಡಿ ಹೊಂಬಾಳಮ್ಮ ಕೇಳಿದರು, "ಬಿಳೀದು ಹಾಕ್ಕಂಡು ಸಗಣಿ ಬಾಚಕ್ಕಾಯ್ತದಾ? ಹೋಗದೇ ಇರೋ ಬಣ್ಣ ಬೇಕು ಅಂತೀಯ, ಹಿತ್ಲು ತುಂಬ ಬಿದ್ದೈತಲ್ಲೇ. ಕಾಯಿ ಮಟ್ಟೆ ಕಲೆ ಯಾವತ್ತಾದ್ರೂ ಹೋಗಿದ್ ನೋಡಿದ್ದೀಯಾ?"

ಗಂಗಲಕ್ಷ್ಮಿ ಗಂಟನ್ನು ಅಲ್ಲೇ ಇಳಿಸಿ ಹಿತ್ತಲಿಗೆ ಓಡಿದಳು. ತೆಂಗಿನಕಾಯಿ ಸುಲಿದ ಹಸಿ ಮಟ್ಟೆಯನ್ನು ಚಚ್ಚಿ ಸ್ನಾನದ ಹಂಡೆಗೆ ತುಂಬಿ ಕುದಿಸಿದ್ದೇ ಕುದಿಸಿದ್ದು. ಮೊದಲ ತುಂಡು ಹೊರಬಂದಾಗ ಬೆಕ್ಕಿನ ಮೈಯಂತೆ ಪಟ್ಟೆಪಟ್ಟೆ. ಫೋನಿನಲ್ಲಿ ಶಂಭುಲಿಂಗಯ್ಯ ಗಟ್ಟಿಯಾಗಿ ನಕ್ಕರು. "ಮೊದಲು ಅಳಲೆಕಾಯಿ ನೀರಲ್ಲಿ ನೆನಸ್ಬೇಕು ಕಣವ್ವ, ಆಗ ಬಟ್ಟೆ ಬಣ್ಣ ಹಿಡೀತದೆ. ತಡಿ, ನಾನೇ ಬತ್ತೀನಿ." ಎರಡು ಬಸ್ಸು ಬದಲಾಯಿಸಿ, ಒಂದು ಚೀಲ ಅಳಲೆಕಾಯಿ ಹೊತ್ತು ಬಂದೇಬಿಟ್ಟರು. ಮೂರನೆಯ ಸಲ ಬಟ್ಟೆ ಎತ್ತಿದಾಗ ಹಂಡೆಯ ಸುತ್ತ ನಿಂತವರೆಲ್ಲ ಒಮ್ಮೆಗೇ ಮುಂದಕ್ಕೆ ಬಾಗಿದರು. ಒಂದೇ ಸಮನಾದ ಬಣ್ಣ, ಮಳೆ ಬಿದ್ದ ಕೆಂಪು ನೆಲದ ಹಾಗೆ. ಅದೇ ನೀರಿಗೆ ಶಿವಣ್ಣ ತನ್ನ ಅಂಗಡಿಯ ತುಕ್ಕು ಮೊಳೆ ನೆನೆಸಿದ ನೀರು ಸುರಿದ, ಮುಂದಿನ ತುಂಡು ಮೋಡದ ಬೂದಿಗೆ ತಿರುಗಿತು. "ಅಯ್ಯೋ, ಎರಡು ಬಣ್ಣ!" ಎಂದು ಭಾನುಪ್ರಿಯಾ ಕುಣಿದುಬಿಟ್ಟಳು.

ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡೇರಿ ಮುಂದೆ ಹೊಂಬಾಳಮ್ಮ ಹೇಳಿದ ಮಾತೇ ಊರಲ್ಲಿ ಓಡಾಡುತ್ತಿತ್ತು. ‘ಹೊಂಟೆ’ ಎಂದು ಕೆಂಪು ದಾರದಲ್ಲಿ ಪಟ್ಟಿ ಹೊಲಿಸಿದರು. ಪಕ್ಕದ ಬೀದಿಯ ವನಜಾಕ್ಷಿ ಮೂರನೆಯ ಮೆಷಿನ್ ತಂದು ಕೂತಳು. ಕತ್ತರಿಸಿ ಉಳಿದ ಚೂರೆಲ್ಲ ಜೇಬಿನ ಒಳಪದರಕ್ಕೆ ಹೋಯಿತು.

ಮುಂದಿನ ವರ್ಷದ ದೀಪಾವಳಿಗೆ ಮೊದಲು ಸ್ತ್ರೀಶಕ್ತಿ ಸಂಘದವರು ತಿಪಟೂರಿನಲ್ಲಿ ಎರಡು ದಿನದ ಮಾರಾಟ ಮೇಳ ಇಟ್ಟರು. ಒಂದು ಮೇಜು ಇವರಿಗೂ ಸಿಕ್ಕಿತು. ಮೊದಲ ಒಂದು ಗಂಟೆ ಬಂದವರೆಲ್ಲ ಮುಟ್ಟಿ ನೋಡಿ, "ನೈಟಿಗೆ ಇಷ್ಟೊಂದಾ?" ಎಂದು ಮುಂದೆ ಹೋದರು. ಗಂಗಲಕ್ಷ್ಮಿ ಮಡಿಸಿದ್ದನ್ನೇ ಮತ್ತೆ ಮತ್ತೆ ಮಡಿಸಿಟ್ಟಳು. ಆಗ ಹೊಂಬಾಳಮ್ಮ ಕುರ್ಚಿಯಿಂದ ಎದ್ದರು. ಕೈ ವಾಸಿಯಾಗಿ ವರ್ಷ ದಾಟಿದ್ದರೂ ಅವರು ಸೀರೆಯ ಮೇಲೆ ಬೂದಿ ಬಣ್ಣದ ‘ಹೊಂಟೆ’ ತೊಟ್ಟೇ ಬಂದಿದ್ದರು. ಜನರ ಮಧ್ಯೆ ನಿಂತು ಗುಂಡಿ ಹಾಕಿದರು, ಲಾಡಿ ಎಳೆದರು, ಬಿಟ್ಟರು, ಅಂಚು ಎತ್ತಿ ಕುಣಿಕೆಗೆ ಸಿಕ್ಕಿಸಿದರು, ಗುಂಡಿ ಬಿಚ್ಚಿ ಮತ್ತೆ ಕೋಟು ಮಾಡಿಕೊಂಡರು. ಕಡೆಗೆ ಎರಡೂ ಜೇಬಿಗೆ ಕೈ ಇಳಿಸಿ, "ಇನ್ನೇನ್ ಬೇಕ್ರವ್ವಾ?" ಎಂದರು. ನಗುವಿನ ಹಿಂದೆಯೇ ಚಪ್ಪಾಳೆ ಬಿತ್ತು. ಕಾಲೇಜು ಮೇಡಮ್ಮುಗಳು, ನರ್ಸುಗಳು, ಬಸ್ ಕಂಡಕ್ಟರ್ ಹುಡುಗಿಯೊಬ್ಬಳು ಮೇಜನ್ನು ಮುತ್ತಿಕೊಂಡರು. ಎರಡು ದಿನದ ಮಾಲು ಮಧ್ಯಾಹ್ನದೊಳಗೆ ಖಾಲಿ. ಉಳಿದದ್ದು ಬರೀ ಅಳತೆ ಬರೆದುಕೊಂಡ ಪುಸ್ತಕ.

ಅದನ್ನು ನೋಡಿದ ಬಟ್ಟೆ ವ್ಯಾಪಾರಿಯೊಬ್ಬರು ಮುಂದಿನ ವಾರ ಮಾಯಸಂದ್ರಕ್ಕೇ ಬಂದರು. ಅವರು ಹೇಳಿದ್ದು ಇಷ್ಟು: ಅದೇ ನಮೂನೆ, ಆದರೆ ಪಾಲಿಯೆಸ್ಟರ್ ಬಟ್ಟೆ, ಮಟ್ಟೆ ಬಣ್ಣದ ಪ್ರಿಂಟು. ಹೊಲಿಗೆ ಎಲ್ಲೋ ಆಗುತ್ತದೆ. ಸಾವಿರಗಟ್ಟಲೆ ಮಾರಬಹುದು, ಇವಳು ಹೆಸರು ಕೊಟ್ಟರೆ ಸಾಕು. ಗಂಗಲಕ್ಷ್ಮಿಗೆ ಆಸೆ ಆಗಲಿಲ್ಲವೆಂದರೆ ಸುಳ್ಳು.

"ಎಲ್ಲೋ ಅಂದ್ರೆ ಎಲ್ಲಿ ಸಾರ್? ಯಾರು ಹೊಲೀತಾರೆ?"

"ಅದೆಲ್ಲ ನಿಮಗ್ಯಾಕಮ್ಮ?"

"ಅಲ್ಲೂ ಒಬ್ಬಳು ಬರೀ ಎಡತೋಳು ಹೊಲೀತಾ ಕೂತಿರ್ತಾಳೆ ಸಾರ್. ನಂಗೆ ಬ್ಯಾಡ. ಕಾಫಿ ಕುಡ್ಕೊಂಡ್ ಹೋಗಿ."

ಈಗ ಮೆಷಿನ್ ಆರಾಗಿವೆ. ಶಂಭುಲಿಂಗಯ್ಯನವರ ಮನೆಯಲ್ಲಿ ಮೂರನೆಯ ಮಗ್ಗ ಧೂಳು ಕೊಡವಿಕೊಂಡು ಎದ್ದಿದೆ. ತಿಪಟೂರು ಪೇಟೆಯಿಂದ ಕೇಳಿಕೊಂಡು ಬಂದವರನ್ನೂ ಹದಿನೈದು ದಿನ ಕಾಯಿಸುವಷ್ಟು ಕೆಲಸ.

ಹೋದ ತಿಂಗಳು ಗಂಗಲಕ್ಷ್ಮಿ ತಿಪಟೂರಿನಲ್ಲಿ ಮಾಲು ಕೊಟ್ಟು, ಅಲ್ಲಿಂದಲೇ ನೂಲು ತರಲು ತುಮಕೂರಿಗೆ ಹೊರಟು ಸ್ಟೇಷನ್ನಿನಲ್ಲಿ ನಿಂತಿದ್ದಳು. ಎದುರಿನ ಪ್ಲಾಟ್‌ಫಾರಂನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು, ಸೊಂಟದ ಮೇಲೆ ಕೂಸು. ಮೈಮೇಲೆ ಕೆಂಪುಮಣ್ಣಿನ ಬಣ್ಣದ ‘ಹೊಂಟೆ’. ಆದರೆ ಇವರು ಯಾರೂ ಯೋಚಿಸಿರದ ರೀತಿ: ಅಂಚು ಎತ್ತಿ ಹೆಗಲ ಮೇಲಿಂದ ತಂದು ಲಾಡಿಗೆ ಬಿಗಿದು ಜೋಳಿಗೆ ಮಾಡಿಕೊಂಡಿದ್ದಾಳೆ, ಕೂಸಿನ ಕಾಲು ಅದರೊಳಗೆ ಬೆಚ್ಚಗೆ. ಗಂಗಲಕ್ಷ್ಮಿ ಮೇಲ್ಸೇತುವೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಳಿದು ಏದುಸಿರು ಬಿಡುತ್ತ ಅವಳ ಮುಂದೆ ನಿಂತಳು.

"ಅಕ್ಕಾ, ಇದನ್ನ ಹೆಂಗ್ ಕಟ್ಟಿದ್ರಿ? ಒಂದ್ಸಲ ತೋರ್ಸಿ!"

ಆ ಹೆಂಗಸು ಗಾಬರಿಯಾದರೂ ತೋರಿಸಿದಳು. "ಲಾಡಿ ಸ್ವಲ್ಪ ಗಿಡ್ಡ ಆಗ್ತದೆ ಕಣ್ರೀ. ಇನ್ನೊಂದ್ ಗೇಣು ಇದ್ದಿದ್ರೆ ಚೆನ್ನಾಗಿರ್ತಿತ್ತು. ಯಾಕೆ, ನಿಮಗೂ ಬೇಕಾ? ಮಾಯಸಂದ್ರದಲ್ಲಿ ಹೊಲೀತಾರಂತೆ."

"ಹೌದಾ?" ಎಂದಳು ಗಂಗಲಕ್ಷ್ಮಿ. ಆಗಲೇ ಗೇಣು ಹಾಕಿ ಲಾಡಿ ಅಳೆಯುತ್ತಿದ್ದಳು. ಅಷ್ಟರಲ್ಲಿ ಆಚೆ ಪ್ಲಾಟ್‌ಫಾರಂನಿಂದ ಅವಳ ರೈಲು ಹೊರಟೇಹೋಯಿತು. ಅವಳು ಅದರ ಕಡೆ ನೋಡದೆ ಭಾನುಪ್ರಿಯಾಳಿಗೆ ಫೋನ್ ಮಾಡಿ ಕೂಗಿದಳು: "ಕತ್ತರಿ ಕೆಳಗಿಡೇ! ಇವತ್ತಿಂದ ಎಲ್ಲಾ ಲಾಡೀನೂ ಒಂದು ಗೇಣು ಉದ್ದ!"