ಶಿಫ್ಟ್ ಕೀಲಿಯ ಮೇಲೆ ಶುಂಠಿ ಕಲ್ಲು

ಜನನ-ಮರಣ ಪತ್ರ ವಿಭಾಗದ ಅಪ್ಪಲನರ್ಸಮ್ಮ ಬೆಳಿಗ್ಗೆ ಬಂದು ಕಂಪ್ಯೂಟರಿನ ಶಿಫ್ಟ್ ಕೀಲಿಯನ್ನು ಐದು ಸಲ ಕುಟ್ಟಿದಳೆಂದರೆ ಸಾಕ್ಷಾತ್ ಊರದೇವತೆ ಪೈಡಿತಲ್ಲಿಯೇ ಓಗೊಡುತ್ತಾಳೆಂದು ನಮ್ಮ ಪುರಸಭೆಗೆ ಬರುವ ಜನ ನಂಬಿದ್ದರು. ಐದನೆಯ ಏಟಿಗೆ ಯಂತ್ರ ಕುಯ್ ಎನ್ನುತ್ತಿತ್ತು. ಆ ಕುಯ್ ಕೇಳಿದ ಮೇಲೆ ಅರ್ಜಿ ಕೊಟ್ಟರೆ ಜನನ ಪತ್ರದಲ್ಲಿ ಹೆಸರು ತಪ್ಪುವುದಿಲ್ಲವೆಂದು ಮುದುಕಿಯರು ಬಾಗಿಲು ತೆರೆಯುವ ಮೊದಲೇ ಬಂದು ಕೈಮುಗಿದು ನಿಲ್ಲುತ್ತಿದ್ದರು. ಒಬ್ಬಳು ತೆಂಗಿನಕಾಯಿಯನ್ನೂ ತಂದಿದ್ದಳು. ಅದರ ಚಟ್ನಿಯನ್ನು ನಾವೆಲ್ಲ ತಿಂದೆವು.

ನಿಜ ಇಷ್ಟೇ. ಅವಳ ಎಡಗೈಯನ್ನು ಮೊಣಕೈವರೆಗೆ ಸೆಣಬಿನ ಗಿರಣಿ ತಿಂದಿತ್ತು. ಪತ್ರಗಳನ್ನು ಹೊಡೆಯಬೇಕಾದ ತೆಲುಗಿನ ಅರ್ಧಕ್ಕರ್ಧ ಅಕ್ಷರಗಳು ಶಿಫ್ಟ್ ಒತ್ತಿ ಹಿಡಿದರೆ ಮಾತ್ರ ಬರುತ್ತವೆ. ಹಿಡಿಯಲು ಒಂದು ಕೈ, ಹೊಡೆಯಲು ಇನ್ನೊಂದು. ಐದು ಸಲ ಕುಟ್ಟಿದರೆ ಆ ಹಿಡಿಯುವ ಕೆಲಸವನ್ನು ಯಂತ್ರವೇ ವಹಿಸಿಕೊಳ್ಳುತ್ತಿತ್ತು. ಮುದ್ರಣಕ್ಕೂ ಮೂರು ಕೀಲಿ ತಡಕಾಡದೆ ಒಂದೇ ಕೀಲಿ ಸಾಕಾಗುವಂತೆ ಅವಳೇ ಹೊಂದಿಸಿಕೊಂಡಿದ್ದಳು. ಒಂಟಿಗೈಯಲ್ಲಿ ದಿನಕ್ಕೆ ತೊಂಬತ್ತು ಪತ್ರ. ಪಕ್ಕದ ನಲ್ಲಿ ವಿಭಾಗದಲ್ಲಿ ಎರಡು ಕೈಯಿಟ್ಟುಕೊಂಡ ನನ್ನದು ನಲವತ್ತು.

ನಮ್ಮ ಕಂಪ್ಯೂಟರ್ ಉಸ್ತುವಾರಿ ಸನ್ಯಾಸಿರಾವು ವಿಶಾಖಪಟ್ಟಣದಲ್ಲಿ ಎರಡು ದಿನದ ತರಬೇತಿ ಮುಗಿಸಿ, ದಿಗ್ವಿಜಯದಿಂದ ಮರಳಿದ ಅರಸನಂತೆ ಬಂದ. ಕಮಿಷನರ್ ಎದುರು ಅವಳ ಕುರ್ಚಿಯಲ್ಲಿ ಕೂತು, ಅಕ್ಷರ ದೊಡ್ಡದು ಮಾಡಿ ತೋರಿಸುತ್ತೇನೆಂದು ಗೊತ್ತಿಲ್ಲದೆ ಆ ಮುದ್ರಣದ ಕೀಲಿಯನ್ನೇ ಒತ್ತಿದ. ಏನೂ ಆಗಲಿಲ್ಲವೆಂದು ಮತ್ತೆ ಮತ್ತೆ ಒತ್ತಿದ. ಬೆನ್ನ ಹಿಂದಿನ ಪ್ರಿಂಟರಿನಿಂದ ಮರಣ ಪತ್ರಗಳು ಬರತೊಡಗಿದವು. ಒಬ್ಬನೇ ಮನುಷ್ಯ ಹನ್ನೊಂದು ಸಲ ಸತ್ತ. ಕಮಿಷನರ್ ನಕ್ಕುಬಿಟ್ಟರು.

ಮರುದಿನ ಅಪ್ಪಲನರ್ಸಮ್ಮ ಐದು ಸಲ ಕುಟ್ಟಿದಳು. ಕುಯ್ ಇಲ್ಲ. ಸನ್ಯಾಸಿರಾವು ಎಲ್ಲ ಯಂತ್ರಗಳನ್ನೂ ಒಂದೇ ಅಚ್ಚಿಗೆ ತಂದು, ಯಾರೂ ಏನನ್ನೂ ಬದಲಿಸದಂತೆ ಬೀಗ ಜಡಿದಿದ್ದ.

"ಎಲ್ಲರಿಗೂ ಒಂದೇ ರೂಲ್ ಅಮ್ಮಾ," ಎಂದ. "ಆಗಲ್ಲ ಅಂದ್ರೆ ಬಾಗಿಲ ಹತ್ರ ಸ್ಟೂಲ್ ಇದೆ. ಸೋಮವಾರದಿಂದ ಕೂತು ಬಂದೋರಿಗೆ ನಂಬರ್ ಚೀಟಿ ಹಂಚು."

ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ಎದ್ದು ರಸ್ತೆ ದಾಟಿ, ಟೀ ಮಾರುವ ಸಿಂಹಾಚಲಂನ ಅಂಗಡಿಯಿಂದ ಶುಂಠಿ ಜಜ್ಜುವ ಗುಂಡುಕಲ್ಲನ್ನು ಎತ್ತಿಕೊಂಡು ಬಂದಳು. ಕಲ್ಲನ್ನು ಶಿಫ್ಟ್ ಮೇಲಿಡು, ಅಕ್ಷರ ಹೊಡೆ, ಕಲ್ಲನ್ನೆತ್ತು. ಧಡ್. ಇನ್ನೊಂದು ಅಕ್ಷರ. ಧಡ್. ಬುಧವಾರ ಹದಿನೆಂಟು ಪತ್ರವಾದವು, ಗುರುವಾರ ಇಪ್ಪತ್ತು. ಆ ಸದ್ದು ಕಟ್ಟಡಕ್ಕೆಲ್ಲ ಕೇಳುತ್ತಿತ್ತು. ಯಾರೂ ಸನ್ಯಾಸಿರಾವುವಿನ ಬಳಿ ಹೋಗಿ ಇದೇನಯ್ಯಾ ಎನ್ನಲಿಲ್ಲ. ನಾನೂ ಎನ್ನಲಿಲ್ಲ, ನನಗೆ ನಲ್ಲಿ ಅರ್ಜಿಗಳಿದ್ದವಂತೆ.

ಆದರೆ ಕಲ್ಲಿಲ್ಲದ ಅಂಗಡಿಯ ಟೀ ಸಪ್ಪೆಯಾಗಿತ್ತು. ಶುಕ್ರವಾರ ಹನ್ನೊಂದಕ್ಕೆ ಕಂದಾಯದವರು, ನೈರ್ಮಲ್ಯದವರು, ನಾನು, ಎಲ್ಲರೂ ಲೋಟ ಹಿಡಿದು ಅವಳ ಮೇಜಿನತ್ತ ದಂಡೆತ್ತಿ ಹೋದೆವು. ಒಂದು ಕೈಗಾಗಿ ಏಳದ ಕುಂಡೆಗಳು ಶುಂಠಿಗಾಗಿ ಎದ್ದವು. ಥೂ ನಮ್ಮ ಜನ್ಮಕ್ಕೆ. ಸಿಂಹಾಚಲಂ ಮುಂದೆ ಬಂದು, ಅಕ್ಕಾ ನನ್ನ ಕಲ್ಲು ಎಂದು ಗೋಗರೆದ.

"ಸನ್ಯಾಸಿರಾವುನ ಕೇಳು," ಅಂದಳು, ತಲೆಯೆತ್ತದೆ. "ಅವನು ನನ್ನ ಕೈ ಕಿತ್ಕೊಂಡಿದಾನೆ, ನಾನು ನಿನ್ನ ಕಲ್ಲು ತಂದಿದೀನಿ. ಅವನು ಕೊಟ್ಟ ತಕ್ಷಣ ನಾನೂ ಕೊಡ್ತೀನಿ."

ಅಷ್ಟರಲ್ಲಿ ಕಮಿಷನರ್ ಕೋಣೆಯಿಂದಲೂ ಸಪ್ಪೆ ಟೀಯ ಒಂದು ತುಂಬಿದ ಲೋಟ ವಾಪಸ್ಸು ಬಂತು, ಜೊತೆಗೆ ಸನ್ಯಾಸಿರಾವುವಿಗೆ ಕರೆಯೂ. ಅವನು ಕೆಂಪು ಮುಖ ಹೊತ್ತು ಬಂದು ಬೀಗ ತೆಗೆದ. ಎಲ್ಲವನ್ನೂ ಮೊದಲಿನಂತೆ ಮಾಡಿ ಹೋದ. ಅವಳು ಐದು ಸಲ ಕುಟ್ಟಿದಳು. ಕುಯ್. ಸಾಲಿನಲ್ಲಿದ್ದ ಮುದುಕಿಯರು ಕೈಮುಗಿದರು. ಕಲ್ಲು ಸಿಂಹಾಚಲಂನ ಕೈ ಸೇರಿತು.

ಮೂರು ದಿನ ಬಾಯಿ ಮುಚ್ಚಿಕೊಂಡಿದ್ದ ಪಾಪ ತೊಳೆದುಕೊಳ್ಳಲು ನಾನು ಅವಳ ಮೇಜಿನ ಮುಂದೆ ನಿಂತು ಹೊಗಳತೊಡಗಿದೆ: ಕಲ್ಲು ಹಿಡಿದು ಇಡೀ ಕಚೇರಿಯನ್ನು ಮಣಿಸಿದ ವೀರವನಿತೆ, ಎಲ್ಲಿಂದ ಬಂತಮ್ಮ ಆ ಶಕ್ತಿ ಎಂದೆ.

ಅವಳು ಕೀಲಿಗೆ ಅಂಟಿದ್ದ ಶುಂಠಿಯನ್ನು ಸೆರಗಿನಿಂದ ಒರೆಸಿದಳು.

"ಭುಜ ನೋಯ್ತಿದೆ ಅಣ್ಣಯ್ಯ. ಸ್ವಲ್ಪ ಸರಿ, ಬೆಳಕಿಗೆ ಅಡ್ಡ ನಿಂತಿದೀಯ."