ಎಂಜಿನ್ನಿನ ಬಾಜು ಕಟ್ಟಿದ ಲಿಂಬಿಹಣ್ಣು

ನನ್ನ ಲಾರಿಯನ್ನು ಹಳೆಯದು ಎಂದವರ ಮಾಲನ್ನು ನಾನು ಹೇರುವುದಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಆ ಮಾತನ್ನು ದಿನಾ ಕೇಳಬೇಕಾಯಿತು. ಸಂಜೆ ಮನೆ ಮುಂದೆ ನಿಲ್ಲಿಸುವವರೆಗೆ ಚೆನ್ನಾಗಿ ಓಡುತ್ತಿದ್ದ ಲಾರಿ, ಬೆಳಗಾದರೆ ಏಳುತ್ತಲೇ ಇರಲಿಲ್ಲ. ಸೆಲ್ಫ್ ಹೊಡೆದರೆ ಎಂಜಿನ್ನು ಗರಗರ ತಿರುಗುತ್ತಿತ್ತು, ಅಷ್ಟೇ.

ಬಾಜು ಮನೆಯ ಕಾಕಾ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ತಮಾಷೆ ನೋಡುತ್ತಿದ್ದ. ಅವನ ಮೆಣಸಿನಕಾಯಿಯನ್ನು ಪ್ರತಿವರ್ಷ ಹುಬ್ಬಳ್ಳಿಗೆ ಒಯ್ಯುವವನು ನಾನೇ.

"ಏನಲೇ, ನಿನ್ನ ಲಾರಿ ಇನ್ನೂ ಹಾಸಿಗಿ ಬಿಟ್ಟಿಲ್ಲೇನು?"

"ಥಂಡಿ ಐತಿ ಕಾಕಾ, ಏಳತೈತಿ."

"ನಾಳೆ ನಸುಕಿನ್ಯಾಗ ಒಂದ ಸೆಲ್ಫಿಗೆ ಎದ್ರ ನಿನ್ನ ಲಾರ್‍ಯಾಗ ಚೀಲ ಹೇರತೇನಿ. ಇಲ್ಲಾಂದ್ರ ಅಗಸಿ ಕಡೆಯವನ ಹೊಸಾ ಗಾಡಿ. ಸಿಟ್ಟಾಗಬ್ಯಾಡ ಮತ್ತ."

ಸಿಟ್ಟಾಗದೆ ಇರುವುದು ಹೇಗೆ?

ಅವ್ವನಿಗೆ ಕಾರಣ ಗೊತ್ತಿತ್ತು. "ಊರ ಕಣ್ಣು ಬಿದ್ದೈತಿ," ಅಂದಳು. ಅಮಾವಾಸ್ಯೆಗೊಮ್ಮೆ ಲಿಂಬಿಹಣ್ಣು, ಮೆಣಸಿನಕಾಯಿ, ಕೇರುಬೀಜವನ್ನು ತಂತಿಗೆ ಪೋಣಿಸಿ ಲಾರಿಗೆ ಕಟ್ಟುವುದು ಅವಳ ಕೆಲಸ. ಎಲ್ಲರೂ ಬಂಪರಿಗೆ ಕಟ್ಟಿದರೆ ಅವ್ವ ಎಂಜಿನ್ನಿನ ಬಾಜೂಕೇ ಕಟ್ಟುತ್ತಾಳೆ. ಯಾಕೆಂದು ಒಮ್ಮೆ ಕೇಳಿದ್ದೆ. "ಹೊಟ್ಟಿ ನೋಯಾಕತ್ರ ಮೂಗಿಗೆ ಔಷಧ ಹಚ್ಚತಾರೇನು?" ಅಂದಿದ್ದಳು.

ಅವತ್ತಿನ ಬಾಡಿಗೆ ಬಿಟ್ಟು ಲಾರಿ ರಿಪೇರಿಗೆ ಕೂತೆ. ಬ್ಯಾಟರಿ ಗಟ್ಟಿ ಇತ್ತು. ಸೆಲ್ಫ್ ಹೊಡೆದಾಗ ಹೊಗೆ ಮಾತ್ರ ಇಲ್ಲ. ಅಂದರೆ ಡೀಸೆಲ್ಲೇ ಮುಟ್ಟುತ್ತಿಲ್ಲ. ಡೀಸೆಲ್ಲು ಏರಿಸುವ ಕೈಪಂಪು ಒತ್ತಿ ಒತ್ತಿ ಪೈಪಿನ ಗಾಳಿ ತೆಗೆದರೆ ಎಂಜಿನ್ನು ಏಳುತ್ತಿತ್ತು, ಮರುದಿನ ಮತ್ತದೇ. ರಾತ್ರಿ ಎಲ್ಲೋ ಗಾಳಿ ಹೊಕ್ಕು ಡೀಸೆಲ್ಲು ಟ್ಯಾಂಕಿಗೆ ಇಳಿದುಹೋಗುತ್ತಿದೆ ಎಂದು ತಿಳಿಯಿತು. ಆದರೆ ಹೊರಗೆ ಒಂದು ಹನಿಯೂ ಸೋರಿರಲಿಲ್ಲ.

ನಾನು ಶಾಲೆ ಬೇಗ ಬಿಟ್ಟವನು. ಕಣ್ಣಾರೆ ಕಂಡರೇ ನನಗೆ ಸಮಾಧಾನ. ಬೆಳೆಗೆ ಔಷಧ ಹೊಡೆಯುವ ಪಂಪಿನಿಂದ, ಒಳಗಿನದು ಕಾಣುವಂಥ ಪೈಪಿನ ತುಂಡೊಂದನ್ನು ಕತ್ತರಿಸಿ ಕೈಪಂಪಿನ ಹಿಂದೆ, ಟ್ಯಾಂಕಿನ ಕಡೆಗೆ ಜೋಡಿಸಿದೆ. ಎಂಜಿನ್ನು ಓಡಿಸಿದರೆ ಡೀಸೆಲ್ಲಿನ ಜತೆ ಗುಳ್ಳೆಗಳ ಸಾಲು! ಗಾಳಿ ಟ್ಯಾಂಕಿನ ಕಡೆಯಿಂದಲೇ ಬರುತ್ತಿತ್ತು. ಆ ಕಡೆಯ ರಬ್ಬರ್ ಪೈಪಿನ ಮೇಲೆ ಬೆರಳಾಡಿಸುತ್ತ ಹೋದೆ. ಗೇಣಷ್ಟು ಹೋಗುವುದರಲ್ಲಿ ತಂತಿ ಚುಚ್ಚಿತು. ತಂತಿಯ ತುದಿಗೆ ಒಣಗಿ ಸುಕ್ಕಾದ ಲಿಂಬಿಹಣ್ಣು ತೂಗುತ್ತಿತ್ತು.

ಅವ್ವನನ್ನು ಕರೆದೆ. ಹೊಸ ಲಿಂಬಿಹಣ್ಣು ಹಿಡಿದುಕೊಂಡೇ ಬಂದಳು.

"ನಿನ್ನ ತಂತಿ ಪೈಪ ಕೊರದೈತಿ ನೋಡ ಬೇ."

ಅವ್ವ ಬಗ್ಗಿ ನೋಡಿದಳು. "ಪೈಪ ಅಗದೀ ಹಳೇದಾಗೈತಿ ತಗೋ."

ಹಳೆಯದು ಎಂದವಳ ಮಾಲು ಹೇರುವುದಿಲ್ಲ ಎನ್ನೋಣವೆಂದರೆ ಅವ್ವನ ಹತ್ತಿರ ಮಾಲೇ ಇಲ್ಲ. ಹೊಸ ಪೈಪು ಹಾಕಿ, ಗಾಳಿ ತೆಗೆದು ಮಲಗಿದೆ. ಅವ್ವನ ಲಿಂಬಿಹಣ್ಣು ದಾರ ಕಟ್ಟಿಕೊಂಡು ಬಂಪರಿಗೆ ಹೋಯಿತು.

ನಸುಕಿನಲ್ಲಿ ಕಾಕಾ ಕಂಬಳಿ ಹೊದ್ದು ಬಂದು ನಿಂತ. ಚಾವಿ ತಿರುವಿದೆ. ಲಾರಿ ಒಂದೇ ಏಟಿಗೆ ಎದ್ದು ಗುಡುಗಿತು.

"ಅಬಬಬ! ಏನ ಮಾಡಿದಿಪಾ ಇದಕ್ಕ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಬಾಗಿಲಿನಿಂದಲೇ ಕೂಗಿದಳು: "ನಾ ಹೊಸಾ ಲಿಂಬಿಹಣ್ಣು ಕಟ್ಟೇನ್ರೀ!"

ಕಾಕಾ ಬಂಪರಿಗೆ ಕೈಮುಗಿದು ಚೀಲ ಹೇರಿಸಿದ. ಹುಬ್ಬಳ್ಳಿ ಮುಟ್ಟುವವರೆಗೆ ನನ್ನ ಬಾಜು ಕೂತು ಅವ್ವನ ಕೈಗುಣವನ್ನೇ ಹೊಗಳಿದ. ಹಿಂದಿನಿಂದ ಅವನ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತಿತ್ತು. ಸೀನುತ್ತ, "ಹೌದ ಕಾಕಾ, ಹೌದು" ಅನ್ನುತ್ತ ಗೇರು ಬದಲಿಸಿದೆ.